ನೆತ್ತರುಗೊಡಗೆಯ ಋಣ

ತುರುಗಳನ್ನು ಬಿಡಿಸಲು ಹೋರಾಡಿ, ಊರನ್ನು ಕಾಯುತ್ತ ಮಡಿದವನಿಗೆ ನಮ್ಮ ಪೂರ್ವಿಕರು ವೀರಗಲ್ಲು ನಿಲ್ಲಿಸುತ್ತಿದ್ದರು. ಅಷ್ಟಕ್ಕೇ ತೃಪ್ತರಾಗದೆ, ಹಲವೆಡೆ ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನೂ ಬಿಡುತ್ತಿದ್ದರು. ಕಲ್ಲು ಕೀರ್ತಿಗೆ, ಭೂಮಿ ಬಾಳಿಗೆ.

ನಮ್ಮ ಪಾವಗಡ ಸೀಮೆಯ ವೆಂಕಟಮ್ಮನಹಳ್ಳಿಯ ಹೆಸರು ಕಿವಿಗೆ ಬಿದ್ದಾಗಲೆಲ್ಲ ಈ ಸಂಪ್ರದಾಯ ನೆನಪಾಗುತ್ತದೆ. 2005ರ ಫೆಬ್ರವರಿ 10ರ ರಾತ್ರಿ, ಅಲ್ಲಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ರಾಜ್ಯ ಮೀಸಲು ಪೊಲೀಸ್ ಪಡೆಯ ಮೇಲೆ ನಕ್ಸಲರು ಎರಗಿ ಹಲವರನ್ನು ಕೊಂದರು. ಮಕ್ಕಳು ಅಕ್ಷರ ಕಲಿಯುವ ತಾಣದಲ್ಲಿ ನೆತ್ತರು ಹರಿಯಿತು. ಮಡಿದವರು ಕದನವನ್ನು ಬಯಸಿ ಬಂದವರಲ್ಲ. ಕಳುಹಿಸಿದೆಡೆಗೆ ಹೋಗಿ ಕರ್ತವ್ಯದಲ್ಲಿದ್ದವರು. ಬಡವರ ಹೆಸರು ಹೇಳಿ ಸಂಬಳಕ್ಕೆ ದುಡಿಯುವವನನ್ನು ಕೊಲ್ಲುವುದು ಯಾವ ನ್ಯಾಯ?

ಪ್ರತಿವರ್ಷ ಅಕ್ಟೋಬರ್ 21ರ ಪೊಲೀಸ್ ಸಂಸ್ಮರಣ ದಿನದಂದು ಇಂಥವರಿಗೆ ಗೌರವ ಸಲ್ಲುತ್ತದೆ, ಸಲ್ಲಲೇಬೇಕು. ಆದರೆ ‘ಹುತಾತ್ಮ’ ಎಂಬ ಒಂದು ಪದದಿಂದ ಋಣ ತೀರದು. ಅವರ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. ಕರ್ತವ್ಯದಲ್ಲಿ ಮಡಿದವರ ಮಕ್ಕಳ ವಿದ್ಯೆಗೆ ಸಮಾಜವೂ ಹೊಣೆಯಾಗಬೇಕು. ಕಾವಲಿಗೆ ಕಳುಹಿಸಲ್ಪಟ್ಟವರಿಗೆ ತಂಗಲು ಭದ್ರವಾದ ನೆಲೆಯಿರಬೇಕು. ಸತ್ತವನನ್ನು ಹೊಗಳುವುದು ಸುಲಭ. ಅವನ ಮನೆಯ ದೀಪ ಆರದಂತೆ ನೋಡಿಕೊಳ್ಳುವುದೇ ನಮ್ಮ ಕಾಲದ ನೆತ್ತರುಗೊಡಗೆ.