ಖಾರಿ ಬಾವ್ಲಿಯ ಹಮಾಲರು ನಿಮ್ಮ ಫೋಟೊಗೆ ನಿಂತವರಲ್ಲ

ದಸರಾ ರಜೆ ಬಂತೆಂದರೆ ನಮ್ಮೂರುಗಳಿಂದ ಎಷ್ಟೋ ಕುಟುಂಬಗಳು ದೆಹಲಿಗೆ ಹೊರಡುತ್ತವೆ. ಆಗ್ರಾ, ಜೈಪುರಕ್ಕೆ ದಿನ ಹಂಚಿದ ಮೇಲೆ ಹಳೇ ದೆಹಲಿಯ ಪಾಲಿಗೆ ಉಳಿಯುವುದು ಒಂದು ಬೆಳಗು. ಕೆಂಪುಕೋಟೆ, ಜಾಮಾ ಮಸೀದಿ, ಚಾಂದನಿ ಚೌಕದ ಪರಾಠ, ಸೈಕಲ್ ರಿಕ್ಷಾದಲ್ಲೊಂದು ಸುತ್ತು. ಹೋಗಿಬನ್ನಿ, ಬೇಡವೆನ್ನುವುದಿಲ್ಲ. ಆದರೆ ಹೊರಡುವ ಮುನ್ನ ಒಂದು ಮಾತು ಕೇಳಿಸಿಕೊಳ್ಳಿ.

ಚಾಂದನಿ ಚೌಕದ ಪಶ್ಚಿಮದ ತುದಿಯಲ್ಲಿ ಫತೇಪುರಿ ಮಸೀದಿ, ಅದನ್ನು ದಾಟಿದರೆ ಖಾರಿ ಬಾವ್ಲಿ. ದೇಶದ ದೊಡ್ಡ ಮಸಾಲೆ ಪೇಟೆಗಳಲ್ಲೊಂದು. ನಮ್ಮ ಕೊಡಗು, ಮಲೆನಾಡಿನ ಕಾಳುಮೆಣಸೂ ಇಲ್ಲಿಗೆ ಬರುತ್ತದೆ. ಒಣಮೆಣಸಿನಕಾಯಿಯ ಘಾಟಿಗೆ ಹೊಸಬರು ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಘಾಟಿನಲ್ಲಿ ಹಮಾಲರು ದಿನವಿಡೀ ಮೂಟೆ ಹೊರುತ್ತಾರೆ. ಅಲ್ಲಿರುವ ಗಡೋಡಿಯಾ ಮಾರುಕಟ್ಟೆಯ ಛಾವಣಿ ಈಗ ಪ್ರವಾಸಿಗರಿಗೆ ಬಲು ಅಚ್ಚುಮೆಚ್ಚು. ಮೇಲಿಂದ ಇಡೀ ಹಳೇ ಊರು ಕಾಣುತ್ತದೆ, ನಿಜ. ಆದರೆ ಅಲ್ಲಿಗೆ ಹತ್ತುವ ಮೆಟ್ಟಿಲುಗಳ ಅಕ್ಕಪಕ್ಕ, ಕೆಳಗಿನ ಮಹಡಿಗಳಲ್ಲಿ ಕೆಲಸಗಾರರು ಬದುಕುತ್ತಾರೆ. ಅಲ್ಲೇ ಅಡುಗೆ, ಅಲ್ಲೇ ಸ್ನಾನ, ಅಲ್ಲೇ ನಿದ್ದೆ. ಬನಿಯನ್ ಒಗೆಯುತ್ತಿರುವವನ ಮುಂದೆ ಒಂದು ಮಾತೂ ಕೇಳದೆ ಮೊಬೈಲ್ ಹಿಡಿದು ನಿಲ್ಲುತ್ತೀರಲ್ಲ, ನಿಮ್ಮ ಮನೆಯ ಬಚ್ಚಲ ಬಾಗಿಲಲ್ಲಿ ಅಪರಿಚಿತನೊಬ್ಬ ಹಾಗೆ ನಿಂತರೆ ಸುಮ್ಮನಿರುತ್ತೀರಾ?

ಕಲ್ಲಿಗೆ ಕಾನೂನಿದೆ. ಸಂರಕ್ಷಿತ ಸ್ಮಾರಕದ ಗೋಡೆಯಲ್ಲಿ ಹೆಸರು ಕೆತ್ತಿದರೆ 1958ರ ಕಾಯ್ದೆಯ ಪ್ರಕಾರ ಶಿಕ್ಷೆ; 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇರಬೇಕಾದ್ದೇ. ಆದರೆ ಮೂಟೆಯ ಭಾರಕ್ಕೆ ಬಾಗಿದ ಬೆನ್ನನ್ನು ‘ರೀಲ್’ ಮಾಡಿ, ಅದಕ್ಕೊಂದು ಹಾಡು ಅಂಟಿಸಿ ಊರಿಗೆಲ್ಲ ಹಂಚಿದರೆ ನಿಮ್ಮನ್ನು ತಡೆಯಲು ಅಲ್ಲಿ ಕಾವಲುಗಾರನಿಲ್ಲ. ನಿಮ್ಮ ಅಂತಃಸಾಕ್ಷಿಯೊಂದೇ ಇರುವುದು.

ಗೈಡ್ ಷಹಜಹಾನನ ಕಥೆ ಹೇಳುತ್ತಾನೆ. ಅವನ ಮಗಳು ಜಹಾನಾರಾ ಚಾಂದನಿ ಚೌಕವನ್ನು ಕಟ್ಟಿಸಿದ್ದು, ನಡುವೆ ಕಾಲುವೆ ಹರಿಯುತ್ತಿದ್ದದ್ದು, ಅದರಲ್ಲಿ ಚಂದ್ರ ಕಾಣುತ್ತಿದ್ದದ್ದು ಎಲ್ಲ ಬರುತ್ತದೆ. 1857ರಲ್ಲಿ ಊರನ್ನು ಮರಳಿ ಹಿಡಿದ ಬ್ರಿಟಿಷರು ಇಲ್ಲಿನ ಜನರನ್ನು ಹೊರಗಟ್ಟಿದ್ದು ಅಷ್ಟಾಗಿ ಬರುವುದಿಲ್ಲ. 1947ರಲ್ಲಿ ಸಾವಿರಾರು ಜನ ಈ ಗಲ್ಲಿಗಳನ್ನು ತೊರೆದು ಪಾಕಿಸ್ತಾನಕ್ಕೆ ಹೋದರು. ಅತ್ತಲಿಂದ ಎಲ್ಲವನ್ನೂ ಕಳೆದುಕೊಂಡು ಬಂದವರು ಇಲ್ಲಿ ಅಂಗಡಿ ಹೂಡಿದರು. ಆಮೇಲೆ ಬಿಹಾರ, ಉತ್ತರಪ್ರದೇಶಗಳ ಹಳ್ಳಿಗಳಿಂದ ಕೂಲಿ ಹುಡುಕಿಕೊಂಡು ಬಂದವರು. ನೀವು ‘ಅಬ್ಬಾ, ಏನು ರಶ್ಶು’ ಎಂದು ಮೂಗು ಮುರಿಯುವುದು ಇವರನ್ನು ಕಂಡೇ. ಇವರನ್ನು ಬಿಟ್ಟು ನೋಡುವಂಥ ಹಳೇ ದೆಹಲಿ ಎಲ್ಲಿದೆ?

ರಿಕ್ಷಾದವನ ಜತೆ ಚೌಕಾಸಿಯ ವಿಷಯವಂತೂ ನಾಚಿಕೆಗೇಡು. ವಿಮಾನಕ್ಕೆ ಸಾವಿರಗಟ್ಟಲೆ ಕೊಟ್ಟು ಬಂದವರು ಇಪ್ಪತ್ತು ರೂಪಾಯಿಗೆ ಜಗ್ಗಾಡಿ, ಗೆದ್ದೆವೆಂದು ಬೀಗುತ್ತೇವೆ. ಅಲ್ಲಿ ಹೆಚ್ಚಿನವರಿಗೆ ರಿಕ್ಷಾ ಸ್ವಂತದ್ದಲ್ಲ. ಸವಾರಿ ಸಿಗಲಿ ಬಿಡಲಿ, ಮಾಲೀಕನಿಗೆ ದಿನದ ಬಾಡಿಗೆ ಕಟ್ಟಲೇಬೇಕು. ಹತ್ತುವ ಮೊದಲು ದರ ಕೇಳಿ, ಒಪ್ಪಿದರೆ ಹತ್ತಿ, ಇಳಿದ ಮೇಲೆ ಹೇಳಿದಷ್ಟನ್ನು ಕೊಡಿ. ಮೂವರು ದೊಡ್ಡವರು ಒಂದೇ ರಿಕ್ಷಾಕ್ಕೆ ತುಂಬಿಕೊಳ್ಳಬೇಡಿ. ಎಳೆಯುವವನಿಗೆ ನಿಮ್ಮ ತಂದೆಯ ವಯಸ್ಸಾಗಿದ್ದರೆ ಇನ್ನೂ ಬೇಡ.

ಚಾಂದನಿ ಚೌಕದ ಬೀದಿಯಲ್ಲೇ ಸೀಸ್‌ಗಂಜ್ ಗುರುದ್ವಾರವಿದೆ, 1675ರಲ್ಲಿ ಗುರು ತೇಗ್ ಬಹಾದ್ದೂರರ ಶಿರಚ್ಛೇದವಾದ ಜಾಗ. ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ, ಲಂಗರ್‌ನ ಪಂಕ್ತಿಯಲ್ಲಿ ಕೂತು ಉಣ್ಣಿ. ಪಕ್ಕದಲ್ಲಿ ಹಮಾಲನೇ ಕೂತಿರಬಹುದು. ದಾಸೋಹದ ನಾಡಿನಿಂದ ಹೋದವರಿಗೆ ಹೀಗೆ ಕೂರುವುದನ್ನು ಯಾರೂ ಕಲಿಸಬೇಕಿಲ್ಲ. ಹೊರಗೆ ಬಂದ ಮೇಲೆ ಮರೆಯದಿರಿ, ಅಷ್ಟೇ.

ಚಿತ್ರ ಬೇಕೇ ಬೇಕೆನಿಸಿದರೆ ‘ಭಾಯೀಸಾಬ್, ಫೋಟೊ ಲೇ ಲೂಂ?’ ಎಂದು ಕೇಳಿ. ಬೇಡವೆಂದು ತಲೆಯಾಡಿಸಿದರೆ ಮೊಬೈಲ್ ಜೇಬಿಗಿಡಿ. ಹೆಗಲ ಮೇಲೆ ಮೂಟೆ ಇದ್ದವನನ್ನು ಕೇಳಲೂ ಹೋಗಬೇಡಿ, ಗೋಡೆಗೆ ಸರಿದು ದಾರಿ ಬಿಡಿ.