ಹಳೆಯ ಸಾಲಕ್ಕೆ ಹೊಸ ಸಹಿ

ಕಿರುಸಾಲದ ವಸೂಲಿಗಾರರಿಗೆ ಅಂಜಿ ಮನೆ ತೊರೆದವರ ಸುದ್ದಿ 2025ರ ಆರಂಭದಲ್ಲಿ ನಾಡನ್ನು ಕಲಕಿತು. ಅದೇ ಫೆಬ್ರುವರಿಯಲ್ಲಿ ಹೊರಟ ರಾಜ್ಯದ ಸುಗ್ರೀವಾಜ್ಞೆಯು ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸವನ್ನು, 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಆದರೆ ಶ್ರೀಮಠಕ್ಕೆ ಬರುವ ತಾಯಂದಿರ ಪ್ರಶ್ನೆ ಬೇರೆಯೇ: ಎಂದೋ ಮಾಡಿದ ಸಾಲಕ್ಕೆ ಇಂದು ಬಾಗಿಲು ತಟ್ಟುತ್ತಿದ್ದಾರೆ, ಕೊಡದಿದ್ದರೆ ಪಾಪವಲ್ಲವೇ?

1963ರ ಕಾಲಮಿತಿ ಅಧಿನಿಯಮದಂತೆ, ಅಡಮಾನವಿಲ್ಲದ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದುಕೊಟ್ಟರೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಅವಧಿ ಕಳೆದ ಮೇಲೂ, ತೀರಿಸುವೆನೆಂದು ಬರೆದು ಸಹಿ ಮಾಡಿದರೆ ಆ ಬರಹವೇ ಹೊಸ ಕರಾರು! ‘ಒಂದು ಸಹಿ ಸಾಕಮ್ಮ’ ಎಂದು ಕಾಗದ ಚಾಚುವವರ ವಿನಯದ ಗುಟ್ಟು ಬಹುಮಟ್ಟಿಗೆ ಇದೇ.

ಕಾಲಮಿತಿಯು ದಾವೆಯ ದಾರಿಯನ್ನು ಮುಚ್ಚುತ್ತದೆಯೇ ಹೊರತು ಪಡೆದ ಹಣವನ್ನು ಪಡೆಯಲೇ ಇಲ್ಲವೆನಿಸುವುದಿಲ್ಲ. ಸತ್ಯಶುದ್ಧ ಕಾಯಕದಿಂದ ಬಂದುದರಲ್ಲಿ ತೀರಿಸಬಲ್ಲವರು ತೀರಿಸಲೇಬೇಕು ಎಂಬುದು ನಮ್ಮ ನಿಲುವು. ಆದರೆ ಬೀದಿಯಲ್ಲಿ ಮಾನ ಕಳೆಯುವವರಿಗೆ ಹೆದರಿ, ಮತ್ತೊಬ್ಬರಲ್ಲಿ ಸಾಲ ಮಾಡಿ ಕೊಡುವುದನ್ನು ನಾವು ಋಣಮುಕ್ತಿ ಎನ್ನಲಾರೆವು.

ಕಿರುಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಸ್ಪಷ್ಟವಾಗಿದೆ: ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. ಯಾವ ಕಾಗದ ಬಂದರೂ ಸಹಿಗೆ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತೋರಿಸಿರಿ. ಮಹಿಳೆಯರಿಗೆ ಅಲ್ಲಿ ನೆರವು ಉಚಿತ. ಹಣ ಕೊಡುವುದಾದರೆ ರಸೀದಿ ಪಡೆದೇ ಕೊಡಿರಿ.