ಹಸುವಿನ ಉಣ್ಣೆ ಔಷಧಿ, ಬೆಕ್ಕಿನ ಚಿಗಟ

ಮನೆಮದ್ದು ಅಂದ ಕೂಡಲೇ ನಮಗೆಲ್ಲ ಏನೋ ಒಂದು ಧೈರ್ಯ ಬಂದುಬಿಡುತ್ತೆ. ಅಡುಗೆಮನೆಯದೋ ಹಿತ್ತಲಿನದೋ ಆದ ಮೇಲೆ, ಒಳ್ಳೇದಾಗದಿದ್ರೂ ಕೆಟ್ಟದ್ದಂತೂ ಆಗಲ್ಲ ಅನ್ನೋ ಲೆಕ್ಕ. ನಮ್ಮ ನೆಗಡಿ ಕೆಮ್ಮಿಗೆ ಈ ಲೆಕ್ಕ ಸುಮಾರಾಗಿ ಸರಿಹೋಗಬಹುದು. ಬೆಕ್ಕಿನ ಚಿಗಟದ ವಿಷಯದಲ್ಲಿ ಮಾತ್ರ ಇದು ಪೂರ್ತಿ ತಲೆಕೆಳಗು ಅನ್ನೋದು ನನ್ನ ವಾದ.

ನಮ್ಮ ದೊಡ್ಡಬಳ್ಳಾಪುರದ ಕಡೆ ಹಳ್ಳಿಗಳಲ್ಲಿ ಬೆಕ್ಕನ್ನ ಯಾರೂ ತಂದು ಸಾಕೋದಿಲ್ಲ, ಅದೇ ಬಂದು ಸೇರಿಕೊಳ್ಳುತ್ತೆ. ರಾಗಿ ಮೂಟೆ ಕಾಯುತ್ತೆ, ಹಾಲು ಕರೆಯೋ ಹೊತ್ತಿಗೆ ಸರಿಯಾಗಿ ಕೊಟ್ಟಿಗೆ ಬಾಗಿಲಲ್ಲಿ ಹಾಜರು. ಅದಕ್ಕೆ ಚಿಗಟ ಆದರೆ ಒಬ್ಬೊಬ್ಬರದು ಒಂದೊಂದು ಮದ್ದು. ನನ್ನ ಕಿವಿಗೆ ಬಿದ್ದವನ್ನೇ ಹೇಳ್ತೀನಿ: ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸು, ಫಿನಾಯಿಲ್ ನೀರಲ್ಲಿ ಅದ್ದು, ಹೊಗೆಸೊಪ್ಪು ನೆನೆಸಿದ ನೀರು ಸುರಿ, ಕರ್ಪೂರ ಕರಗಿಸಿದ ಎಣ್ಣೆ ಹಚ್ಚು, ಬೆಳ್ಳುಳ್ಳಿ ಅರೆದು ಅನ್ನದಲ್ಲಿ ಕಲಸಿ ಹಾಕು. ಎಲ್ಲಕ್ಕಿಂತ ಸುಲಭದ್ದು ಕೊಟ್ಟಿಗೆ ಗೂಡಿನಲ್ಲಿ ಹಸುಗಳ ಉಣ್ಣೆಗೆ ಅಂತ ಇಟ್ಟಿರೋ ಬಾಟಲಿ. "ಅಷ್ಟು ದೊಡ್ಡ ಹಸುಗೇ ಏನೂ ಆಗಲ್ಲ, ಬೆಕ್ಕಿಗೇನಾಗುತ್ತೆ?"

ಆಗುತ್ತೆ ಸ್ವಾಮಿ! ಆ ಬಾಟಲಿಯಲ್ಲಿ ಸಾಮಾನ್ಯವಾಗಿ ಇರೋದು ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್. ನಾಯಿಗಳ ಚಿಗಟದ ಹನಿಗಳಲ್ಲಿ ಬರೋ ಪರ್‌ಮೆಥ್ರಿನ್ ಕೂಡ ಇದೇ ಜಾತಿ. ಇಂಥ ಎಷ್ಟೋ ವಸ್ತುಗಳನ್ನ ಒಡೆದು ಹೊರಗೆ ಹಾಕೋ ಶಕ್ತಿ ಹಸು ನಾಯಿಗಳ ಲಿವರ್‌ಗೆ ಇದ್ದಷ್ಟು ಬೆಕ್ಕಿನ ಲಿವರ್‌ಗೆ ಇಲ್ಲ. ಮೈ ನಡುಕ, ಜೊಲ್ಲು, ಫಿಟ್ಸ್, ಕೆಲವೊಮ್ಮೆ ಸಾವು. ನಾವು ಜ್ವರಕ್ಕೆ ನುಂಗೋ ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೀಬಹುದು ಅಂದ್ರೆ ನೋಡಿ. ಫಿನಾಯಿಲ್, ಡೆಟಾಲ್‌ಗಳೂ ಅದಕ್ಕೆ ಆಗಿಬರಲ್ಲ. ಬೆಳ್ಳುಳ್ಳಿ ಅದರ ಕೆಂಪು ರಕ್ತಕಣಗಳನ್ನೇ ಒಡೆಯುತ್ತೆ. ಹೊಗೆಸೊಪ್ಪಿನ ನಿಕೋಟಿನ್ ಬಗ್ಗೆ ಹೇಳೋದೇ ಬೇಡ. ನಾವು ಪೂಜೆ ಮಾಡೋ ಬೇವೂ ಅಷ್ಟೇ, ಗಟ್ಟಿ ಬೇವಿನ ಎಣ್ಣೆ ಹಚ್ಚಿದ ಬೆಕ್ಕುಗಳು ಜೊಲ್ಲು ಸುರಿಸಿ ನಡುಗಿದ ಉದಾಹರಣೆಗಳಿವೆ.

ಜೊತೆಗೆ ಬೆಕ್ಕಿನ ಇನ್ನೊಂದು ಗುಣ ಇದೆ. ದಿನಕ್ಕೆ ಗಂಟೆಗಟ್ಟಲೆ ಕೂತು ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತೆ. ಅಂದರೆ ಅದಕ್ಕೆ ಹಚ್ಚಿದ್ದು ಅಂದ್ರೆ ಕುಡಿಸಿದ್ದು ಅಂತಲೇ ಅರ್ಥ.

ದೇವನಹಳ್ಳಿ ವಿಜಯಪುರದ ಕಡೆ ರೇಷ್ಮೆ ಸಾಕೋರಿಗೆ ಈ ಮಾತು ಬೇಗ ಅರ್ಥ ಆಗಬೇಕು. ಹಿಪ್ಪುನೇರಳೆ ತೋಟದ ಪಕ್ಕದ ಹೊಲದಲ್ಲಿ ಔಷಧಿ ಹೊಡೆದ್ರೆ ಜಗಳಕ್ಕೇ ಹೋಗ್ತಾರೆ. ನಮಗೆ ವಾಸನೆಯೂ ಗೊತ್ತಾಗದಷ್ಟು ವಿಷ ಹುಳಕ್ಕೆ ಸಾಕು ಅಂತ ಅವರಿಗೆ ಗೊತ್ತು. ಯಾವ ಜೀವಕ್ಕೆ ಯಾವುದು ವಿಷ ಅನ್ನೋ ಆ ಎಚ್ಚರದಲ್ಲಿ ಒಂದು ಚೂರನ್ನ ಬೆಕ್ಕಿಗೂ ಕೊಡಿ ಅಂತಷ್ಟೇ ನಾನು ಕೇಳ್ತಿರೋದು.

"ಹಿಂದಿನವರೂ ಇದನ್ನೇ ಮಾಡ್ತಿದ್ರಲ್ಲ?" ಅಂತೀರಾ. ಸ್ವಲ್ಪ ಯೋಚಿಸಿ. ಸೀಮೆಎಣ್ಣೆ, ಫಿನಾಯಿಲ್, ಗಮಾಕ್ಸಿನ್ ಪುಡಿ ಇವು ಯಾವ ಅಜ್ಜಿಯ ಹಿತ್ತಲಲ್ಲಿ ಬೆಳೆದಿದ್ದು? ಎಲ್ಲಾ ಫ್ಯಾಕ್ಟರಿಯಿಂದ ಬಂದು ನಮ್ಮ ಮನೆಮದ್ದಿನ ಪಟ್ಟಿಗೆ ಸೇರಿಕೊಂಡಿದ್ದೇ. ಗಮಾಕ್ಸಿನ್ ಅಂತ ನಾವು ಕರೀತಿದ್ದ ಬಿಎಚ್‌ಸಿಯನ್ನ ಸರ್ಕಾರ 1997ರಲ್ಲೇ ನಿಷೇಧಿಸಿತು. ಅದರ ಶುದ್ಧ ರೂಪವಾದ ಲಿಂಡೇನ್ ಬಳಕೆಯೂ 2013ಕ್ಕೆ ನಿಂತಿತು. ಅಟ್ಟದ ಮೇಲೆ ಹಳೇ ಡಬ್ಬಿ ಇನ್ನೂ ಇದ್ದರೆ ದಯವಿಟ್ಟು ಮುಚ್ಚಳ ತೆಗೀಬೇಡಿ.

ಹಾಗಾದ್ರೆ ಮಾಡೋದೇನು? ನಿಜವಾದ ಮನೆಮದ್ದು ಇದೆ, ಆದರೆ ಅದು ಹಚ್ಚೋ ಮದ್ದಲ್ಲ. ಹೇನು ತೆಗೆಯೋ ಸಣ್ಣ ಹಲ್ಲಿನ ಬಾಚಣಿಗೆ, ಒಂದು ಬಟ್ಟಲು ಸೋಪಿನ ನೀರು. ದಿನಾ ಕತ್ತು, ಬಾಲದ ಬುಡ ಬಾಚಿ, ಸಿಕ್ಕ ಚಿಗಟವನ್ನ ನೀರಲ್ಲಿ ಮುಳುಗಿಸಿ. ಇದಕ್ಕಿಂತ ಮುಖ್ಯ, ಅದು ಮಲಗೋ ಗೋಣಿತಾಟು, ಹಳೇ ಸೀರೆ ಎಲ್ಲಾ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆಮೂಲೆ ಗುಡಿಸಿ. ಹೆಣ್ಣು ಚಿಗಟ ದಿನಕ್ಕೆ 40-50ರವರೆಗೂ ಮೊಟ್ಟೆ ಇಡುತ್ತೆ. ಆ ಮೊಟ್ಟೆಗಳು ಬೆಕ್ಕಿನ ಮೈಮೇಲೆ ನಿಲ್ಲದೆ ನೆಲಕ್ಕೆ, ಹಾಸಿಗೆಗೆ ಉದುರುತ್ತವೆ. ಗೂಡಿನೊಳಗಿರೋ ಮರಿ ತಿಂಗಳುಗಟ್ಟಲೆ ಕಾಯಬಲ್ಲದು. ಬೆಕ್ಕಿನ ಮೈಗೆ ಏನು ಸುರಿದರೂ ಅರ್ಧ ಸೈನ್ಯಕ್ಕಿಂತ ಹೆಚ್ಚು ಹೊರಗೇ ಉಳಿದಿರುತ್ತೆ. ಹಾಗಾಗಿ ವಾರಕ್ಕೇ ಬಿಡಬೇಡಿ, ತಿಂಗಳುಗಟ್ಟಲೆ ಮಾಡಬೇಕು.

ಅದಕ್ಕೂ ಬಗ್ಗದಿದ್ರೆ ಪಶು ವೈದ್ಯರನ್ನ ಕೇಳಿ ಬೆಕ್ಕಿಗೆ ಅಂತಲೇ ಇರೋ ಹನಿ ಹಾಕಿಸಿ, ಅದೂ ತೂಕ ನೋಡಿ. "ಬೆಕ್ಕಿಗೂ ಡಾಕ್ಟರಾ!" ಅಂತ ನಗೋರು ನಗಲಿ ಬಿಡಿ. ಪುಟ್ಟ ಮರಿಗಳಿಗೆ ಬಾಚಣಿಗೆ ಬಿಟ್ಟು ಬೇರೇನೂ ನೀವಾಗೇ ಮಾಡಬೇಡಿ. ಮರಿಯ ಒಸಡು ಬೆಳ್ಳಗಾಗಿದ್ರೆ ಚಿಗಟ ರಕ್ತ ಹೀರಿ ಹೀರಿ ಬರಿದು ಮಾಡಿದೆ ಅಂತ ತಿಳ್ಕೊಳ್ಳಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಯಾರಾದ್ರೂ ಆಗಲೇ ಉಣ್ಣೆ ಔಷಧಿ ಹಚ್ಚಿಬಿಟ್ಟಿದ್ರೆ? ಪಾತ್ರೆ ತೊಳೆಯೋ ಸೋಪು ಹಾಕಿ ಉಗುರುಬೆಚ್ಚನೆ ನೀರಲ್ಲಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಕೊಂಡು, ಆ ಬಾಟಲಿ ಸಮೇತ ವೈದ್ಯರ ಹತ್ರ ಓಡಿ. ನಡುಕ ಶುರುವಾಗಿದ್ರೆ ತೊಳೆಯೋಕೂ ನಿಲ್ಲಬೇಡಿ. ವಾಂತಿ ಮಾಡಿಸೋಕೆ ಹೋಗಬೇಡಿ.

ಮನೆಮದ್ದಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮದ್ದು ಯಾರ ಮನೆಯದ್ದು ಅಂತ ಕೇಳೋ ಮೊದಲು ಯಾರ ಮೈಗೆ ಅಂತ ಕೇಳೋಣ. ನಿಮ್ಮೂರ ಕಡೆ ಬೆಕ್ಕಿನ ಚಿಗಟಕ್ಕೆ ಏನು ಮಾಡ್ತಾರೆ? ಹೇಳಿ, ಅದರಲ್ಲಿ ಎಷ್ಟು ಮದ್ದು ಎಷ್ಟು ವಿಷ ಅಂತ ಸೇರಿ ನೋಡೋಣ.